ಕಣಗಿಲೆ ಕಡಿದ ಹಿತ್ತಲು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಬ್ಲೀಚಿಂಗ್ ಪೌಡರಿನ ವಾಸನೆ ಬಂತು. ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ಬಟ್ಟೆ ಒಗೆಯುವ ಕಲ್ಲಿನ ಪಾಚಿ ತಿಕ್ಕುತ್ತಿದ್ದಳು. ಅವಳ ಮಗು ಈಗಷ್ಟೇ ನಡೆಯಲು ಕಲಿತಿದೆ. ಆ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದಂತೆ. ನನಗೆ ನೆನಪಾಗುವುದು ಪುಟ್ಟಿ.

ಪುಟ್ಟಿ ನನ್ನ ಮೈದುನನ ಮಗಳು. ಅವಳ ತಾಯಿಗೆ ತೀರ್ಥಹಳ್ಳಿಯಲ್ಲಿ ಕೆಲಸ ಸಿಕ್ಕಿದಾಗ ಮಗುವನ್ನು ಹೊಸನಗರದ ನಮ್ಮ ಮನೆಯಲ್ಲಿ ಬಿಟ್ಟರು. ನನಗೆ ಮಕ್ಕಳಿಲ್ಲ. ಅದಕ್ಕೇ ಇರಬೇಕು, ಖುಷಿಗೆ ಸ್ವಲ್ಪ ತಲೆಕೆಟ್ಟಿತ್ತು. ಮಗುವಿನ ಕಣ್ಣಿಗೆ ಹಿತ್ತಲು ಹೇಗೆ ಕಾಣುತ್ತದೋ ನೋಡೋಣವೆಂದು ಸೆರಗು ಸಿಕ್ಕಿಸಿ, ಈ ಭಾರೀ ದೇಹ ಹೊತ್ತು, ಅಂಬೆಗಾಲಿಟ್ಟು ಹಿತ್ತಲೆಲ್ಲ ಸುತ್ತಿದೆ. ಅತ್ತೆ ಬಾಗಿಲಲ್ಲಿ ನಿಂತು, "ಎಂತ ಮಾರಾಯ್ತಿ, ಓಲೆ ಕಳ್ಕೊಂಡ್ಯಾ?" ಎಂದರು.

ಸಿಕ್ಕಿದ್ದು ಗಾಜಿನ ಚೂರು, ತುಕ್ಕು ಹಿಡಿದ ಮೊಳೆ. ಬಾವಿಗೆ ಬಲೆ ಹಾಕಿಸಿದೆ, ಗೊಬ್ಬರದ ಗುಂಡಿ ಮುಚ್ಚಿಸಿದೆ, ಮಗು ಜಾರದಿರಲೆಂದು ವಾರ ವಾರವೂ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ತಿಕ್ಕಿದೆ. ಉಳಿದದ್ದು ಅತ್ತೆಯ ಕಣಗಿಲೆ. ಎಲೆಯಿಂದ ಬೇರಿನವರೆಗೆ ವಿಷ. ಕಡಿಯೋಣವೆಂದರೆ, "ದೇವ್ರಿಗೆ ಹೂವು ನಿನ್ ತಲೆಯಿಂದ ಕೊಯ್ಲಾ?" ಎನ್ನುತ್ತಿದ್ದರು. ಅವರು ಸಿಗಂದೂರಿಗೆ ಹೋದ ದಿನ ಕಡಿಸಿಬಿಟ್ಟೆ. ಬಂದವರು ಬುಡ ನೋಡಿದರು. ಆ ಮಳೆಗಾಲವಿಡೀ ನನ್ನ ಕೈಯ ಕಾಫಿ ಕುಡಿಯಲಿಲ್ಲ. ಪುಟ್ಟಿ ಮಾತ್ರ ಕೇಕೆ ಹಾಕಿಕೊಂಡು ಹಿತ್ತಲು ತುಂಬ ಓಡುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಅವಳು ಬಿದ್ದದ್ದೆಲ್ಲಿ ಹೇಳಿ? ಕಲ್ಲಿಲ್ಲದ, ಮುಳ್ಳಿಲ್ಲದ, ನಾನೇ ಹಸನು ಮಾಡಿದ ನೆಲದ ಮೇಲೆ, ನನ್ನ ಕಣ್ಣೆದುರೇ, ತನ್ನ ಕಾಲಿಗೆ ತಾನೇ ತೊಡರಿ. ಮೊಣಕೈ ಮುರಿಯಿತು. ಆಸ್ಪತ್ರೆಗೆ ಒಯ್ದು ಪ್ಲಾಸ್ಟರ್ ಹಾಕಿಸಿಕೊಂಡು ಬಂದೆ. ಸಂಜೆಗೆ ತಾಯಿ ಬಂದಳು.

"ಅಕ್ಕ, ನಿಮ್ಮನ್ನ ಬೈದು ಎಂತ ಪ್ರಯೋಜನ? ಹೆತ್ತಿದ್ರೆ ಗೊತ್ತಾಗ್ತಿತ್ತು."

ಮೆಲ್ಲಗೇ ಹೇಳಿದಳು. "ದೇವ್ರ ಗಿಡ ಕಡಿದ್ರೆ ಇನ್ನೆಂತ ಆಗ್ತದೆ?" ಎಂದರು ಅತ್ತೆ. ಅಲ್ಲೇ ಕೂತಿದ್ದ ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಪುಟ್ಟಿಯ ಬಟ್ಟೆ ಮಡಚಿ ಚೀಲಕ್ಕೆ ತುಂಬಿದವಳು ನಾನೇ. ಈಗ ಹಬ್ಬಕ್ಕೆ ಬಂದರೂ ಅವಳು ಹಿಂಬಾಗಿಲು ದಾಟುವುದಿಲ್ಲ. "ದೊಡ್ಡಮ್ಮ, ಹಿಂದೆ ಹೋಗ್ಬಾರ್ದು ಅಂದಿದಾರೆ ಅಮ್ಮ."

ಮಧ್ಯಾಹ್ನ ಪಕ್ಕದ ಮನೆಯ ಹುಡುಗಿ ಮಗುವನ್ನೆತ್ತಿಕೊಂಡು ಬೇಲಿಯ ಹತ್ತಿರ ಬಂದಳು. "ಆಂಟಿ, ನಿಮ್ ಹಿತ್ಲು ಎಷ್ಟು ಚೆನ್ನಾಗಿದೆ! ಇವ್ನು ಸ್ವಲ್ಪ ಹೊತ್ತು ಆಡ್ಲಾ?"

ಮಗು ಆಗಲೇ ನನ್ನ ಕಡೆ ಕೈ ಚಾಚಿತ್ತು.

"ಬೇಡಮ್ಮ, ಇಲ್ಲಿ ಜಾರ್ತದೆ" ಎಂದೆ.

ಅವಳು ನೆಲ ನೋಡಿದಳು. ಬೇಸಿಗೆಯ ಬಿಸಿಲಿಗೆ ಅದು ಒಣಗಿ ಬಿರುಕು ಬಿಟ್ಟಿತ್ತು.