ಹತ್ತದೇ ಹೋದ ದೀಪ

ಆಸ್ಪತ್ರೆಯ ಹಿಂಬದಿಯ ಬಾಯ್ಲರ್ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದ ಆ ಮನುಷ್ಯನನ್ನು ಎಲ್ಲರೂ ಬಾಯ್ಲರಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ರೋಗಿಗಳ ಹಾಸಿಗೆಯ ಬಟ್ಟೆ ಒಗೆಯಲು, ಆಪರೇಷನ್ನಿನ ಕತ್ತರಿ ಇಕ್ಕಳಗಳನ್ನು ಶುದ್ಧ ಮಾಡಲು ಬೇಕಾದ ಹಬೆಯೆಲ್ಲ ಅವನ ಕೈಯಿಂದಲೇ ಹೋಗಬೇಕು. ಬಾಯ್ಲರಿನ ಮೈಗೆ ಒಂದು ಗಾಜಿನ ಕೊಳವೆ ಇರುತ್ತದೆ. ಒಳಗೆ ನೀರು ಎಷ್ಟಿದೆ ಎಂಬುದು ಅದರಲ್ಲಿ ಕಾಣುತ್ತದೆ. ಆ ನೀರು ಗೆರೆಗಿಂತ ಕೆಳಗಿಳಿದರೆ ಕಬ್ಬಿಣ ಕಾದು ಕೆಂಪಾಗಿ ಕೋಣೆಗೆ ಕೋಣೆಯೇ ಸಿಡಿದು ಹೋಗಬಹುದು. ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿದ್ದ: "ನೋಡಪ್ಪಾ, ನೀರು ಕೆಳಗೆ ಹೋದ್ರೆ ನೀನು ಮೇಲೆ ಹೋಗ್ತೀಯ. ಇಷ್ಟು ನೆನಪಿಟ್ಕೊ, ಬೇರೇನೂ ಕಲೀದಿದ್ರೂ ನಡೆಯುತ್ತೆ." ಅವನು ಅಷ್ಟನ್ನು ನೆನಪಿಟ್ಟುಕೊಂಡ, ಬೇರೇನನ್ನೂ ಕಲಿಯಲಿಲ್ಲ. ಮೂವತ್ತೊಂದು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ಗೆರೆಯನ್ನು ಕಾದ. ಒಂದು ದಿನವೂ ನೀರು ಇಳಿಯಲಿಲ್ಲ. ಅದು ಅವನ ಹೆಮ್ಮೆ. ಹೆಮ್ಮೆಪಡಲು ಅವನ ಹತ್ತಿರ ಬೇರೆ ಹೆಚ್ಚೇನೂ ಇರಲಿಲ್ಲ.

ಆ ಕೋಣೆ ಕೊಟ್ಟ ಇನ್ನೊಂದು ಬಳುವಳಿ ಕಿವುಡು. ಪೂರ್ತಿ ಕಿವುಡಲ್ಲ. ದಪ್ಪ ದನಿ ಕೇಳುತ್ತಿತ್ತು, ಸಣ್ಣ ಕೀರಲು ಸದ್ದು ಕೇಳುತ್ತಿರಲಿಲ್ಲ. ಇದನ್ನು ಅವನು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. "ನಂಗೆ ಬೇಕಾದ್ದು ಕೇಳುತ್ತೆ, ಬೇಡದ್ದು ಕೇಳಲ್ಲ" ಎಂದು ನಗುತ್ತಿದ್ದ. "ಹೌದೌದು, ಇಪ್ಪತ್ತೆರಡು ವರ್ಷದಿಂದ ನಾನು ಕೂಗೋದೆಲ್ಲ ಬೇಡದ್ದೇ" ಎಂದು ಹೆಂಡತಿ ಅಡುಗೆಮನೆಯಿಂದ ಗೊಣಗುತ್ತಿದ್ದಳು. ಅದೂ ಅವನಿಗೆ ಕೇಳುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷ, ಮನೆಯಲ್ಲಿ ಪುಟ್ಟಿ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವ ದಾದಿಯರ ತರಬೇತಿಗೆ ಅವಳಿಗೆ ಸೀಟು ಸಿಕ್ಕಿತ್ತು. ದಿನಕ್ಕೆ ಎಂಟು ಹತ್ತು ಮನೆ ಸುತ್ತಬೇಕು, ಡ್ರೈವಿಂಗ್ ಲೈಸೆನ್ಸ್ ಇಲ್ಲದಿದ್ದರೆ ಆ ಕೆಲಸವೇ ಇಲ್ಲ. ನಿವೃತ್ತಳಾದ ಹಿರಿಯ ದಾದಿಯೊಬ್ಬಳು ತನ್ನ ಹಳೆಯ ಕಾರನ್ನು ಪುಟ್ಟಿಗೆ ಬಿಟ್ಟುಕೊಟ್ಟಳು. ಕಾರಿಗೆ ಹುಡುಗಿಗಿಂತ ಎರಡೇ ವರ್ಷ ಕಮ್ಮಿ ವಯಸ್ಸು. ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು, ಬಣ್ಣ ಯಾವುದೆಂದು ಕೇಳಿದರೆ ಯಾವ ಇಬ್ಬರೂ ಒಂದೇ ಉತ್ತರ ಹೇಳುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಪುಟ್ಟಿ ಅದನ್ನು ಹಾಗೆ ಸಾಕಿಕೊಂಡಳು.

ಆದರೆ ಬಾನೆಟ್ ಮಾತ್ರ ಅಪ್ಪನದು. ಭಾನುವಾರ ಬೆಳಿಗ್ಗೆ ಅವನು ಹಳೆಯ ಬನಿಯನ್ನಿನ ತುಂಡು ಹಿಡಿದು ಹೊರಗೆ ಬಂದನೆಂದರೆ ಅದೊಂದು ಸಂಭ್ರಮ. ಬಿಡಿಭಾಗದ ಅಂಗಡಿಯವನಿಗೆ ಅವನನ್ನು ಕಂಡರೆ ತಲೆನೋವು. ಎಂಜಿನ್ ಆಯಿಲಿನ ಡಬ್ಬಿಯ ಮೇಲಿನ ಪ್ರತಿಯೊಂದು ಅಂಕಿಯನ್ನೂ ಕನ್ನಡಕ ಏರಿಸಿ ಓದುವನು. ಎಂಜಿನ್ ತಂಪಿಡುವ ಕೂಲಂಟ್ ಹಸಿರಿರುವ ಗಾಡಿಗೆ ಕೆಂಪು ಹಾಕಿದರೆ ಒಳಗೆಲ್ಲ ಗಸಿ ಕಟ್ಟುತ್ತದೆಂದು ಅಂಗಡಿಯವನಿಗೇ ಪಾಠ ಹೇಳುವನು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ ಎಂದು ಸೀಲ್ ಒಡೆದ ಬಾಟಲಿಯನ್ನು ಕೊಳ್ಳುತ್ತಿರಲಿಲ್ಲ. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲಿನ ನಂಬರೂ ಬಾಟಲಿಯ ನಂಬರೂ ತಾಳೆಯಾಗಲೇಬೇಕು. ಆಯ್ಕೆಯಲ್ಲಿ ಅವನು ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದು ಬೇರೆ ಕಡೆ.

ಬ್ರೇಕ್ ಆಯಿಲನ್ನು ಗಾಡಿ ಕುಡಿಯುವುದಿಲ್ಲ, ಸುಡುವುದೂ ಇಲ್ಲ. ಚಕ್ರವನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆದ ಹಾಗೆಲ್ಲ ಅದು ಬಾನೆಟ್ಟಿನಡಿಯ ಡಬ್ಬಿಯಿಂದ ಚಕ್ರದ ಕಡೆಗೆ ಸರಿಯುತ್ತದೆ, ಡಬ್ಬಿಯ ಮಟ್ಟ ಇಳಿಯುತ್ತದೆ. ತೀರ ಇಳಿದಾಗ ಡ್ರೈವರ್ ಮುಂದೆ ಒಂದು ಕೆಂಪು ದೀಪ ಹತ್ತುತ್ತದೆ: ಪ್ಯಾಡ್ ಮುಗಿಯಿತು, ನೋಡಿಸು ಎಂದು. ಗ್ಯಾರೇಜಿನಲ್ಲಿ ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು, ಮಟ್ಟ ಇಳಿದರೆ ತುಂಬಿಸಬೇಡ, ಯಾಕೆ ಇಳಿಯಿತು ನೋಡು ಎಂದು. ಬಾಯ್ಲರಣ್ಣ ಕೇಳುವವನೇ? ಮಟ್ಟ ಇಳಿದರೆ ತುಂಬಿಸುವುದು ಅವನ ರಕ್ತದಲ್ಲಿತ್ತು. ಪ್ರತಿ ಭಾನುವಾರ ಒಂದೊಂದು ಚಮಚದಷ್ಟು ತುಂಬಿಸಿದ. ಅತಿಯಾದರೆ ಅಮೃತವೂ ವಿಷ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಡಬ್ಬಿ ತುಂಬಿಯೇ ಇತ್ತು. ದೀಪಕ್ಕೆ ಹತ್ತಲು ಕಾರಣವೇ ಸಿಗಲಿಲ್ಲ.

ಪುಟ್ಟಿ ಸುಮ್ಮನಿರಲಿಲ್ಲ. "ಅಪ್ಪ, ಬ್ರೇಕ್ ಒತ್ತಿದ್ರೆ ಕೀಂಯ್ ಅಂತ ಸದ್ದು ಬರ್ತಿದೆ" ಎಂದಳು. ಅವನು ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಬಂದ. "ಎಲ್ಲಿದೆ ಸದ್ದು? ನಿನ್ನ ತಲೇಲಿದೆ ಅಷ್ಟೆ."

ತಿಂಗಳು ಕಳೆದು ಅವಳು ಕಾರಿನ ಜೊತೆ ಬಂದಿದ್ದ ಪುಸ್ತಕ ತಂದಳು. "ಇಲ್ನೋಡು, ಆಯಿಲ್ ಕಮ್ಮಿ ಆದ್ರೆ ಪ್ಯಾಡ್ ತೋರಿಸ್ಬೇಕು ಅಂತ ಬರೆದಿದ್ದಾರೆ."

"ಕಮ್ಮಿ ಆದ್ರೆ ತಾನೇ? ನಾನಿರೋವಾಗ ಕಮ್ಮಿ ಆಗುತ್ತಾ?"

"ಮೆಕ್ಯಾನಿಕ್‌ಗೆ ಒಂದ್ಸಲ ತೋರಿಸೋಣಪ್ಪ."

"ಅವನ ಕೈಗೆ ಕೊಟ್ರೆ ಒಂದು ಸರಿ ಮಾಡಿ ಹತ್ತು ಕೆಡಿಸ್ತಾನೆ. ಪುಸ್ತಕದ ಬದನೆಕಾಯಿ ಹಿಡ್ಕೊಂಡು ನಂಗೆ ಕಲಿಸ್ಬೇಡ ಮಗಳೇ."

ಅವಳು ಪುಸ್ತಕ ಮಡಿಚಿದಳು. ಅಪ್ಪನ ಮಾತನ್ನು ನಂಬುವುದು ಅವಳಿಗೂ ಅಭ್ಯಾಸವಾಗಿ ಹೋಗಿತ್ತು.

ಒಂದು ಸೋಮವಾರ ಬೆಳಿಗ್ಗೆ ತರಬೇತಿ ಶಾಲೆಯ ಇಳಿಜಾರಿನಲ್ಲಿ ಅವಳ ಕಾಲಡಿಯ ಬ್ರೇಕ್ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಮತ್ತೆ ಮತ್ತೆ ತುಳಿದಳು. ಹ್ಯಾಂಡ್‌ಬ್ರೇಕ್ ಎಳೆದಳು. ಗಾಡಿ ಅಡ್ಡ ತಿರುಗಿ ಕೆಳಗಿನ ಮೂಲೆಯಲ್ಲಿದ್ದ ಕೀಲಿಕೈ ಮಾಡುವವನ ಪೆಟ್ಟಿಗೆ ಅಂಗಡಿಗೆ ನುಗ್ಗಿತು. ಪುಟ್ಟಿಗೆ ಭುಜದ ಮೂಳೆ ಮುರಿಯಿತು. ಕೀಲಿಕೈಯವನ ಎಡಗಾಲು ಗೋಡೆಗೂ ಕಾರಿಗೂ ನಡುವೆ ಸಿಕ್ಕಿ ಜಜ್ಜಿ ಹೋಯಿತು. ಸಂಜೆಯೊಳಗೆ ಮೊಣಕಾಲಿನಿಂದ ಕೆಳಗೆ ಕತ್ತರಿಸಿದರು. ಅದೇ ಆಸ್ಪತ್ರೆಯಲ್ಲಿ, ಬಾಯ್ಲರಣ್ಣ ಕಳಿಸಿದ ಹಬೆಯಲ್ಲಿ ಶುದ್ಧವಾದ ಕತ್ತರಿಗಳಿಂದ.

ಬುಧವಾರ ವಾಹನ ತಪಾಸಣೆ ಕಚೇರಿಯಿಂದ ಅಪ್ಪ ಮಗಳಿಬ್ಬರಿಗೂ ಕರೆ ಬಂತು. ಅಂಗಳದಲ್ಲಿ ಕಾರಿನ ಮುಂದಿನ ಚಕ್ರ ಬಿಚ್ಚಿಟ್ಟಿದ್ದರು. ತಪಾಸಣೆಯ ಸಾಹೇಬರು ಬ್ರೇಕ್ ಪ್ಯಾಡನ್ನು ಕೈಯಲ್ಲಿಟ್ಟು ತೋರಿಸಿದರು. ಪ್ಯಾಡ್ ಎನ್ನುವುದೇ ಇರಲಿಲ್ಲ, ಹಿಂದಿನ ಕಬ್ಬಿಣದ ತಗಡು ಮಾತ್ರ ಉಳಿದಿತ್ತು. ಅದೂ ಸವೆದು, ಅದನ್ನು ಒತ್ತುವ ಪಿಸ್ಟನ್ ಹೊರಗೆ ಬಿದ್ದು, ಆಯಿಲ್ ಎಲ್ಲ ಒಮ್ಮೆಲೇ ಚೆಲ್ಲಿ ಹೋಗಿತ್ತು. ಸಾಹೇಬರು ಕೀಲಿ ತಿರುಗಿಸಿದರು. ಕೆಂಪು ದೀಪ ಹತ್ತಿತು.

"ದೀಪ ಸರಿಯಾಗೇ ಇದೆ" ಎಂದರು ಅವರು. "ಪ್ಯಾಡ್ ಇಷ್ಟು ಸವೆಯೋ ಮುಂಚೆ, ಎಷ್ಟೋ ವಾರದಿಂದ ಇದು ಹತ್ತಿರಬೇಕು. ಹತ್ತಿರಲಿಲ್ಲ ಅಂದ್ರೆ ಒಂದೇ ಕಾರಣ. ಯಾರೋ ಆಯಿಲ್ ತುಂಬಿಸ್ತಾ ಇದ್ದಿರಬೇಕು." ಅವರು ತಲೆಯೆತ್ತಿ ಬಾಯ್ಲರಣ್ಣನನ್ನು ನೋಡಿದರು. "ಏನ್ರೀ, ಮನೇಲಿ ಯಾರಾದ್ರೂ ತುಂಬಿಸ್ತಿದ್ರಾ?"

ಎಲ್ಲವೂ ಅವನಿಗೆ ಆ ಕ್ಷಣದಲ್ಲೇ ಅರ್ಥವಾಯಿತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಬಾಯ್ಲರಿನ ಸರ್ಟಿಫಿಕೇಟಿಗೂ ಇಂಥ ಕಚೇರಿಯದೇ ಸಹಿ ಬೇಕು. ಆದರೆ ಅವನು ಹೆದರಿದ್ದು ಅದಕ್ಕಲ್ಲ ಎಂದು ನನಗನ್ನಿಸುತ್ತದೆ. ಮಟ್ಟದ ವಿಷಯದಲ್ಲಿ ಬಾಯ್ಲರಣ್ಣ ತಪ್ಪಿದ ಎಂಬ ಮಾತು ಈ ಲೋಕದಲ್ಲಿ ಯಾರ ಬಾಯಲ್ಲೂ ಬರಬಾರದಿತ್ತು, ತನ್ನ ಬಾಯಲ್ಲಂತೂ ಬರಲೇಬಾರದಿತ್ತು.

"ಇಲ್ಲ ಸಾರ್" ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಕ್ಕದ ಕುರ್ಚಿಯಲ್ಲಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದ ಪುಟ್ಟಿ ಅವನನ್ನೇ ನೋಡಿದಳು. ಅವನು ಚಕ್ರವನ್ನು ನೋಡುತ್ತಿದ್ದ.

"ಹಾಗಾದ್ರೆ ದೀಪ ಹತ್ತಿತ್ತು. ಅಲ್ವೇನಮ್ಮ?"

ಸಾಹೇಬರು ಪೆನ್ನು ಹಿಡಿದು ಕಾಯುತ್ತಿದ್ದರು. "ಹತ್ತಿತ್ತು ಸಾರ್" ಎಂದಳು ಕೊನೆಗೆ. "ನಾನೇ ಲಕ್ಷ್ಯ ಕೊಡಲಿಲ್ಲ."

ಸಾಹೇಬರು ಬರೆದುಕೊಂಡರು. ಶನಿವಾರ ವರದಿ ಹೋಗುತ್ತದೆ, ಲೈಸೆನ್ಸ್ ರದ್ದಾಗುತ್ತದೆ, ತರಬೇತಿ ಶಾಲೆಗೂ ಒಂದು ಪ್ರತಿ ಹೋಗುತ್ತದೆ ಎಂದರು. ಅಂದರೆ ಸೀಟು ಹೋದಂತೆಯೇ. ಬಾಯ್ಲರಣ್ಣ ಹೊರಡುವಾಗ ಮಗಳ ಕೈಗೆ ನೋವಾಗದ ಹಾಗೆ ಗೇಟಿನ ಬಾಗಿಲು ಹಿಡಿದುಕೊಂಡ. ಅಷ್ಟು ಮಾತ್ರ ಮಾಡಿದ.

ಮನೆಯಲ್ಲಿ ಹೆಂಡತಿ ಎರಡು ದಿನ ಹುಡುಗಿಯನ್ನು ಹಿಡಿದು ಜಾಡಿಸಿದಳು. "ಕಣ್ಣ ಮುಂದೆ ಕೆಂಪು ದೀಪ ಉರೀತಿದ್ರೂ ಕಾಣ್ಲಿಲ್ವೇನೇ? ಅಪ್ಪ ಭಾನುವಾರ ಭಾನುವಾರ ಆ ಗಾಡಿಗೆ ಎಷ್ಟು ಸೇವೆ ಮಾಡ್ತಿದ್ರು. ನಿಂಗೆ ಒಂದು ದೀಪ ನೋಡಕ್ಕಾಗ್ಲಿಲ್ವಾ?" ಪುಟ್ಟಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ರೀ, ನೀವಾದ್ರೂ ಬುದ್ಧಿ ಹೇಳ್ರಿ" ಎಂದಳು ಹೆಂಡತಿ. ಅವನು ಎದುರಿಗೆ ಕೂತು ಊಟ ಮಾಡಿ ಮುಗಿಸಿದ. ಇನ್ನೊಂದು ಸಲ ಬಡಿಸಿದ್ದನ್ನೂ ತಿಂದ. ಅವನ ಬದುಕಿನಲ್ಲಿ ನನಗೆ ಕ್ಷಮಿಸಲಾಗದ್ದು ಯಾವುದೆಂದು ಕೇಳಿದರೆ ಆ ಊಟವನ್ನು ಹೇಳುತ್ತೇನೆ.

ಶುಕ್ರವಾರ ಮಧ್ಯಾಹ್ನ ಪುಟ್ಟಿ ಕೀಲಿಕೈಯವನನ್ನು ನೋಡಲು ಹೊರಟಳು. ಒಬ್ಬಳನ್ನೇ ಕಳಿಸಲಾಗದೆ ಅಪ್ಪನೂ ಹೋದ. ಹನ್ನೆರಡು ಮಂಚಗಳ ವಾರ್ಡು, ಕಿಟಕಿಯ ಪಕ್ಕದ ಮಂಚ. ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಅರ್ಧಕ್ಕೇ ಚಪ್ಪಟೆಯಾಗಿತ್ತು. ಕೀಲಿಕೈಯವನ ಹೆಂಡತಿ ಸ್ಟೂಲಿನ ಮೇಲೆ ಕೂತಿದ್ದಳು.

"ನನ್ನಿಂದ ತಪ್ಪಾಯ್ತು" ಎಂದಳು ಪುಟ್ಟಿ. "ದೀಪ ಹತ್ತಿತ್ತು, ನಾನು ನೋಡ್ಲಿಲ್ಲ."

ಕೀಲಿಕೈಯವನ ಹೆಂಡತಿ ಕೂಗಾಡಲಿಲ್ಲ. "ನೀನು ದಾದಿ ಆಗೋಳಂತೆ" ಎಂದಳು. "ಎದುರಿಗಿರೋ ದೀಪ ನೋಡದೋಳು ನಾಳೆ ಯಾರ ಪ್ರಾಣ ನೋಡ್ತೀಯಮ್ಮ? ಬೇಡ, ಆ ಕೆಲಸ ನಿನಗೆ ಬೇಡ."

ಪುಟ್ಟಿ ತಲೆಯಾಡಿಸಿದಳು, ಆ ಮಾತು ನ್ಯಾಯವೇ ಎನ್ನುವಂತೆ. ಅದನ್ನು ಕಂಡಾಗ ಬಾಯ್ಲರಣ್ಣನಿಗೆ ಇನ್ನು ನಿಲ್ಲಲಾಗಲಿಲ್ಲ. ಮಂಚದ ಸರಳು ಹಿಡಿದುಕೊಂಡ.

"ದೀಪ ಹತ್ತಲಿಲ್ಲ ತಾಯಿ. ಹತ್ತದ ಹಾಗೆ ಮಾಡಿದ್ದು ನಾನು. ವಾರ ವಾರ ಆಯಿಲ್ ತುಂಬಿಸ್ತಿದ್ದೆ."

ಆ ಹೆಂಗಸಿಗೆ ಅರ್ಥವಾಗಲಿಲ್ಲ. "ತುಂಬಿಸಿದ್ರೆ ಒಳ್ಳೇದೇ ಅಲ್ವಾ?" ಎಂದಳು.

ತುಂಬಿಸಿದ್ದು ಹೇಗೆ ಕೆಟ್ಟದಾಯಿತು ಎಂಬುದನ್ನು ಅವನು ಆ ವಾರ್ಡಿನಲ್ಲಿ ನಿಂತು ವಿವರಿಸಬೇಕಾಯಿತು. ಪ್ಯಾಡ್, ಡಬ್ಬಿ, ದೀಪ, ತನಗೆ ಕೇಳದ ಆ ಸದ್ದು, ಮಗಳು ತಂದ ಪುಸ್ತಕ, ಒಂದನ್ನೂ ಬಿಡದೆ ಹೇಳಿದ. ಅಕ್ಕಪಕ್ಕದ ಮಂಚದವರೂ ಕೇಳಿಸಿಕೊಂಡರು. ಕೀಲಿಕೈಯವನು ಜೀವಮಾನವೆಲ್ಲ ಯಂತ್ರದ ಜೊತೆ ಕಳೆದವನು, ಅವನಿಗೆ ಬೇಗ ತಿಳಿಯಿತು.

"ಇದನ್ನ ಸಾಹೇಬರ ಮುಂದೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ.

ಬಾಯ್ಲರಣ್ಣ ಸರಳಿನಿಂದ ಕೈ ತೆಗೆದ.

"ಹೋಗಿ" ಎಂದ ಕೀಲಿಕೈಯವನು, ಕಿಟಕಿಯ ಕಡೆಗೆ ಮುಖ ತಿರುಗಿಸಿ. "ಕಚೇರಿ ಮುಚ್ಚೋಕೆ ಮುಂಚೆ ಹೋಗಿ ಹೇಳಿ."

ಅವನು ಹೋದ. ಸಾಹೇಬರು ಬೈಯಲಿಲ್ಲ, ಹಳೆಯ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸದರಲ್ಲಿ ಬರೆದುಕೊಂಡರು. ಪುಟ್ಟಿಯ ಲೈಸೆನ್ಸೂ ಸೀಟೂ ಉಳಿದವು. ಸುದ್ದಿ ಆಸ್ಪತ್ರೆಗೆ ತಲುಪಲು ಒಂದು ವಾರವೂ ಬೇಕಾಗಲಿಲ್ಲ. ತಪಾಸಣೆಯಲ್ಲಿ ಸುಳ್ಳು ಹೇಳಿದವನ ಸಹಿ ಬಾಯ್ಲರಿನ ದಿನಚರಿ ಪುಸ್ತಕದಲ್ಲಿ ಬೇಡವೆಂದು ಅವನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಅಲ್ಲಿ ಚಾದರ ಮಡಿಚುವುದು ಅವನ ಕೆಲಸ. ಅವನು ತಕರಾರು ಮಾಡಲಿಲ್ಲ. ನಿಜ ತಿಳಿದ ಹೆಂಡತಿ ಒಂದು ದಿನ ಮಗಳ ತಲೆ ಬಾಚುತ್ತ ಅತ್ತಳು.

ಭುಜ ಕೂಡಿಕೊಂಡ ಮೇಲೆ ಪುಟ್ಟಿ ಬಸ್ಸಿನಲ್ಲಿ ಹೋಗತೊಡಗಿದಳು. ಒಂದು ಬೆಳಿಗ್ಗೆ ಅವನೂ ಅವಳ ಜೊತೆ ಬಸ್ ಸ್ಟಾಪಿನವರೆಗೆ ನಡೆದ. ಇಷ್ಟು ದಿನ ಒಂದು ಮಾತು ಅವನ ಎದೆಯಲ್ಲಿ ಬೆಚ್ಚಗೆ ಕೂತಿತ್ತು. ತಾನು ಎಂಥ ಅಪ್ಪನಾದರೂ ಮಗಳು ತನ್ನನ್ನು ಬಿಟ್ಟುಕೊಡಲಿಲ್ಲ ಎಂಬುದು. ಅದನ್ನು ಅವಳ ಬಾಯಿಂದಲೇ ಕೇಳಬೇಕೆನ್ನಿಸಿತು.

"ಪುಟ್ಟಿ, ಅವತ್ತು ಸಾಹೇಬರ ಮುಂದೆ ಯಾಕೆ ಹಾಗೆ ಹೇಳ್ದೆ? ನನ್ನ ಉಳಿಸಕ್ಕಾ?"

ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು.

"ಅಲ್ಲಪ್ಪ. ನೀನು ಇಲ್ಲ ಅಂದ್ಯಲ್ಲ, ಹೆದರ್ಕೊಂಡು ಅಂದೆ ಅಂದ್ಕೊಂಡೆ. ತಪ್ಪು ನಂದು ಅಂತ ನಾನು ಹೇಳಿದ್ರೆ ನಿನಗೆ ತಡ್ಕೊಳ್ಳಕ್ಕಾಗಲ್ಲ, ತಕ್ಷಣ ಎದ್ದು ನಿಜ ಹೇಳ್ತೀಯ ಅಂತ ಹೇಳ್ದೆ. ಸಾಹೇಬರು ಬರ್ದು ಮುಗಿಸೋ ತನಕ ಕಾದೆ. ಮನೇಗೆ ಬಂದ ಮೇಲೂ ಎರಡು ದಿನ ಕಾದೆ." ಅಪ್ಪನ ಕಡೆ ತಿರುಗಿದಳು. "ನೀನು ತಡ್ಕೊಂಡೆ."

ಅಷ್ಟರಲ್ಲಿ ಬಸ್ಸು ಬಂತು. ಹೋಗಿ ಬರ್ತೀನಿ ಎಂದು ಅವಳು ಎಂದಿನ ಹಾಗೆಯೇ ಹೇಳಿ ಹತ್ತಿದಳು. ಅವನು ಚಾದರ ಮಡಿಚಲು ಆಸ್ಪತ್ರೆಯ ಕಡೆಗೆ ನಡೆದ.