ದೋಣಿಯ ಹಿಂದಿನ ಜಾಗ

ನಮ್ಮ ಅಕ್ಕ ಬೇಕರಿಯಲ್ಲಿ ಹಿಟ್ಟು ನಾದುವವಳು. ಯಂತ್ರ ಬಂದ ಮೇಲೂ ಮಾಲೀಕರು ಅವಳನ್ನು ಬಿಟ್ಟಿಲ್ಲ. ಯಂತ್ರಕ್ಕೆ ಹದ ತಿಳಿಯುವುದಿಲ್ಲವಂತೆ. ಅವಳ ತೋಳು ನೋಡಿದವರು ಜಗಳಕ್ಕೆ ಹೋಗುವ ಮುಂಚೆ ಯೋಚನೆ ಮಾಡುತ್ತಾರೆ. ಅವಳ ಗಂಡನ ಅಣ್ಣ ಮಾತ್ರ ಎಂದೂ ಯೋಚಿಸಿದವರಲ್ಲ. ಕಾರಿನಲ್ಲಾಗಲಿ ಸಾವಿನ ಮನೆಯಲ್ಲಾಗಲಿ ಅವರಿಗೆ ಮುಂದಿನ ಸೀಟೇ ಆಗಬೇಕು. ಅದಕ್ಕೇ ಅವರ ಬೆನ್ನ ಹಿಂದೆ ನಾವೆಲ್ಲ ಅವರನ್ನು ‘ದೊಡ್ಡೋರು’ ಅನ್ನುವುದು.

ಶರತ್ಕಾಲದಲ್ಲಿ ಬೇಕರಿಯ ಒಲೆಯ ಇಟ್ಟಿಗೆ ಕಿತ್ತು ಹೊಸದಾಗಿ ಕಟ್ಟುತ್ತಾರೆ. ಆ ವಾರ ಕೆಲಸವಿಲ್ಲ. ಮದುವೆಯಾದಾಗಿನಿಂದ ಅಕ್ಕ, ಅವಳ ಗಂಡ ಇಬ್ಬರೂ ಆಗೊಂದು ದಿನ ಮನೆ ಹಿಂದಿನ ಹೊಳೆಗೆ ದೋಣಿ ಇಳಿಸಿ, ಬುತ್ತಿ ಕಟ್ಟಿಕೊಂಡು, ಹಳೇ ಸೇತುವೆಯವರೆಗೆ ಆರಾಮಾಗಿ ಹೋಗಿ ಬರುತ್ತಿದ್ದರು. ಮುಂದೊಬ್ಬರು ಹಿಂದೊಬ್ಬರು ಕೂತು ಹುಟ್ಟು ಹಾಕುವ ಉದ್ದನೆಯ ಹಗುರ ದೋಣಿ. ಮೊದಲು ಹಿಂದಿನ ಜಾಗದಲ್ಲಿ ಅಕ್ಕನ ಗಂಡ ಕೂರುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಆ ಜಾಗ ಅಕ್ಕನಿಗೆ ಬಂತು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಈ ಸಲ ಒಲೆ ಕೀಳುವ ವಾರ ಬಂದಾಗ ದೊಡ್ಡೋರು ಮನೆಗೆ ಬಂದರು.

"ಗಂಡಸಿಲ್ಲದ ಮನೇಲಿ ದೋಣಿ ಯಾಕಮ್ಮಾ? ಹೊಳೆದಡದ ಹೋಟೆಲಿನವನಿಗೆ ಮಾತು ಕೊಟ್ಟಿದ್ದೀನಿ. ಬಾಗಿಲ ಮುಂದಿಟ್ಟು, ಮಣ್ಣು ತುಂಬಿ ಹೂವಿನ ಗಿಡ ಹಾಕ್ತಾನಂತೆ. ನೋಡೋಕೂ ಚೆನ್ನಾಗಿರುತ್ತೆ."

ನನ್ನ ಮೈ ಉರಿದುಹೋಯಿತು. ಅಕ್ಕ ಉಗುರಿನ ಸಂದಿಯ ಒಣಹಿಟ್ಟು ಕೆರೆಯುತ್ತಾ, "ನನ್ನನ್ನ ಒಂದು ಮಾತು ಕೇಳ್ಬಹುದಿತ್ತು" ಅಂದಳು.

"ಕೇಳೋದೇನಿದೆ? ನನ್ನ ತಮ್ಮನ ದೋಣಿ."

"ನಾಳೆ ಹೇಗೂ ಹೊಳೆಗೆ ಹೋಗ್ತೀನಿ. ನೀವೂ ಬನ್ನಿ ಭಾವ. ಹೋಟೆಲು ದಾರೀಲೇ ಸಿಗುತ್ತೆ."

ಬೆಳಿಗ್ಗೆ ದೊಡ್ಡೋರು ಯಾರನ್ನೂ ಕೇಳದೆ ಸೀದಾ ಮುಂದೆ ಹೋಗಿ ಕೂತರು. "ಕೂತ್ಕೊಳ್ಳಿ ಭಾವ, ಆ ಜಾಗ ನಿಮಗೇ" ಅಂದಳು ಅಕ್ಕ. ನಾನು ನಡುವೆ ಬುತ್ತಿ ಅಪ್ಪಿಕೊಂಡು ನಗು ತಡೆದುಕೊಂಡೆ. ಇಂಥ ದೋಣಿಯಲ್ಲಿ ಮುಂದೆ ಕೂತವರು ಎಷ್ಟೇ ಬೆವರು ಸುರಿಸಲಿ, ದಿಕ್ಕು ಹಿಂದೆ ಕೂತವರ ಕೈಯಲ್ಲಿ. ಪಾಪ, ದೊಡ್ಡೋರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ನೀರು ಇಳಿದು ತಿಳಿಯಾಗಿತ್ತು. ಹಳದಿ ಎಲೆಗಳು ನಮ್ಮ ಜೊತೆಜೊತೆಗೇ ತೇಲುತ್ತಿದ್ದವು. ದೊಡ್ಡೋರು ಎಡಕ್ಕೆ ಹೋಗು, ಬಲಕ್ಕೆ ಹೋಗು ಅಂತ ಅಪ್ಪಣೆ ಕೊಡುತ್ತಿದ್ದರು. ಅಕ್ಕ ಹೂಂ ಅನ್ನುತ್ತಾ ತನಗೆ ಬೇಕಾದ ಕಡೆ ಹೋಗುತ್ತಿದ್ದಳು. ಈ ಹೊಳೆ ಅವಳಿಗೆ ಅಡುಗೆಮನೆಯಷ್ಟೇ ಪರಿಚಯ. ಬಾಗಿದ ಮರದ ಹತ್ತಿರ ಹುಟ್ಟು ಮೇಲೆತ್ತಿ ದೋಣಿಯನ್ನು ತೇಲಲು ಬಿಟ್ಟಳು.

"ನಮ್ಮನೆಯವರು ಇಲ್ಲೇ ಬುತ್ತಿ ಬಿಚ್ಚು ಅಂತಿದ್ರು" ಅಂದಳು.

"ಸಾಕು ನಡಿ, ಅಲ್ಲಿ ಅವನು ಕಾಯ್ತಿರ್ತಾನೆ" ಅಂದರು ದೊಡ್ಡೋರು.

ತಿರುವು ದಾಟಿದರೆ ಹೋಟೆಲು. ಮೆಟ್ಟಿಲ ಮೇಲೆ ಹೋಟೆಲಿನವನು ನಿಂತಿದ್ದ. ಪಕ್ಕದಲ್ಲಿ ಮಣ್ಣಿನ ಚೀಲಗಳನ್ನೂ ತಂದು ಜೋಡಿಸಿದ್ದ. ಅವನ್ನು ಕಂಡು ಅಕ್ಕನ ಮುಖ ಬಿಗಿಯಿತು.

"ದಡಕ್ಕೆ ತಿರುಗಿಸಮ್ಮಾ."

"ಇಲ್ಲ ಭಾವ."

ದೊಡ್ಡೋರು ತಾವೇ ಹುಟ್ಟು ತೆಗೆದು ನೀರು ಬಡಿದರು. ದೋಣಿಯ ಮೂತಿ ಕೊಂಚ ದಡದ ಕಡೆ ವಾಲಿತು. ಅಕ್ಕ ಹಿಂದಿನಿಂದ ಹುಟ್ಟನ್ನು ಒಮ್ಮೆ ಒತ್ತಿದಳು, ದೋಣಿ ನೆಟ್ಟಗಾಯಿತು. ಮತ್ತೆ ಬಡಿದರು, ಮತ್ತೆ ಒತ್ತಿದಳು. ಅವರ ಅಂಗಿ ಒದ್ದೆಯಾಯಿತೇ ಹೊರತು ದಡ ಹತ್ತಿರ ಬರಲಿಲ್ಲ. ಎದ್ದು ಹಿಂದೆ ಬರೋಣವೆಂದರೆ ದೋಣಿ ಮಗುಚುವ ಭಯ.

"ಮಾತು ಕೊಟ್ಟಿದ್ದೀನಿ, ನನ್ನ ಮಾನ ಹೋಗುತ್ತೆ."

"ನೀವು ಕೊಟ್ಟ ಮಾತು, ನೀವೇ ವಾಪಸ್ ತಗೊಳ್ಳಿ" ಅಂದಳು ಅಕ್ಕ. ಹುಟ್ಟನ್ನು ಇನ್ನೊಮ್ಮೆ ಒತ್ತಿದಳು. "ನಿಮ್ಮ ತಮ್ಮ ಹೋದ್ರು, ಹೌದು. ನಾನು ಹೋಗಿಲ್ಲ. ನಾನಿರೋವಾಗ ಈ ದೋಣಿಗೆ ಯಾರೂ ಮಣ್ಣು ಹಾಕೋದು ಬೇಡ."

ಹೋಟೆಲಿನವನು ಕೈಬೀಸಿ ಕರೆದ. ಅಕ್ಕನೂ ಮರ್ಯಾದೆಯಿಂದ ಹುಟ್ಟು ಎತ್ತಿ ತೋರಿಸಿ ಮುಂದೆ ಸಾಗಿದಳು.

ಹೋಟೆಲು ಹಿಂದೆ ಬಿತ್ತು. ಕೊನೆಗೆ ದೊಡ್ಡೋರು ತಿರುಗದೆಯೇ ಕೇಳಿದರು: "ಈಗ ಎಲ್ಲಿಗೆ?"

"ಹಳೇ ಸೇತುವೆಗೆ. ಪ್ರತಿ ವರ್ಷ ಅಲ್ಲಿಗೇ ಹೋಗೋದು. ಒದ್ದೆ ಅಂಗೀಲಿ ಸುಮ್ನೆ ಕೂತ್ರೆ ಚಳಿಯಾಗುತ್ತೆ ಭಾವ, ಹುಟ್ಟು ಹಾಕಿ. ಬರೋ ವರ್ಷಾನೂ ಮುಂದಿನ ಜಾಗ ನಿಮಗೇ."

ದೊಡ್ಡೋರು ಹುಟ್ಟು ಹಾಕತೊಡಗಿದರು.