ಬುರುಲ್ಚಾಳ ಬಾಯಲ್ಲಿ ಕುರುತ್

ಕಿರ್ಗಿಜರ ನಾಡಿನ ಅಕ್-ತಾಶ್ ಊರಿನ ಬಸ್ ನಿಲ್ದಾಣದಲ್ಲಿ, ಮಾಂಸ ತುಂಬಿ ತಂದೂರಿನಲ್ಲಿ ಸುಟ್ಟ ಸಮ್ಸಾ ಮಾರುವ ಬುರುಲ್ಚಾಳಿಗೆ ಬಾಯಿ ಸ್ವಲ್ಪ ಜೋರು. ಮುಂದೆ ಸಾವಿನ ಮನೆಯ ವಿಷಯ ಹೇಳಬೇಕಿರುವುದರಿಂದ ಸ್ವಲ್ಪ ಎಂದು ಮೆತ್ತಗೆ ಹೇಳುತ್ತಿದ್ದೇನೆ. ಒಮ್ಮೆ ಲಾರಿ ಡ್ರೈವರೊಬ್ಬ ಸಮ್ಸಾದಲ್ಲಿ ಮಾಂಸಕ್ಕಿಂತ ಈರುಳ್ಳಿಯೇ ಜಾಸ್ತಿ ಎಂದದ್ದಕ್ಕೆ ಅವನ ಲಾರಿ, ಅವನ ಮೀಸೆ, ಅವನು ಹುಟ್ಟಿದ ಊರು ಎಲ್ಲವನ್ನೂ ಜಾಲಾಡಿಬಿಟ್ಟಿದ್ದಳು. ಪಾಪ, ಆ ಮನುಷ್ಯ ಆಮೇಲೆ ಎಷ್ಟೇ ಹಸಿದರೂ ನಮ್ಮೂರಲ್ಲಿ ಲಾರಿ ನಿಲ್ಲಿಸಲಿಲ್ಲ.

ಇಂಥವಳು ಪಟ್ಟಣದ ಯಾರದೋ ಮನೆಯಲ್ಲಿ ಸೇರುವ ಪ್ರಾರ್ಥನೆಗೆ ಹೋಗಿ ಯೇಸುವನ್ನು ನಂಬಿದಳು ಎಂದಾಗ ಊರು ಬೆಚ್ಚಿಬಿತ್ತು. ನಮಾಜು ಮಾಡುವ ಕಿರ್ಗಿಜರ ಮನೆಯ ಸೊಸೆ ಕ್ರೈಸ್ತಳಾಗುವುದೆಂದರೇನು? ಅದರ ಮೇಲೆ, ಇನ್ನು ಯಾರನ್ನೂ ಬೈಯುವುದಿಲ್ಲ ಎಂದು ಬೇರೆ ಹೇಳಿಕೊಂಡು ಬಂದಿದ್ದಳು. ಮೊದಲನೆಯದನ್ನಾದರೂ ನಂಬಬಹುದು ಎಂದರು ಜನ.

ಪ್ರಾರ್ಥನೆ ನಡೆಸುವ ಎರ್ಮೆಕ್ ಅವಳಿಗೆ ಹೇಳಿದ್ದು ದೊಡ್ಡದೇನಲ್ಲ. ಎದುರಿನವರ ಮಾತು ಮುಗಿಯುವ ತನಕ ಕೇಳು, ಆಮೇಲೆ ಬಾಯಿ ತೆರೆ, ಅಷ್ಟೇ. "ಯೇಸುಗೆ ಕಪಾಳಕ್ಕೆ ಹೊಡೆದ್ರೂ ತಿರುಗಿ ಬೈಲಿಲ್ಲ ಕಣಮ್ಮ," ಎಂದಿದ್ದ.

"ಯೇಸುಗೆ ನಮ್ಮ ಭಾವನಂಥ ಭಾವ ಇರ್ಲಿಲ್ಲ ಬಿಡಿ," ಎಂದಿದ್ದಳು ಬುರುಲ್ಚಾ.

ಕೊನೆಗೆ ದಾರಿ ತೋರಿಸಿದವಳು ಅತ್ತೆ ಉಕೂಬಾಲ. ಮುದುಕಿ ಒಂದು ಹೊತ್ತಿನ ನಮಾಜೂ ಬಿಟ್ಟವಳಲ್ಲ. ಆದರೂ ಮಗ ಸತ್ತ ಮೇಲೆ ಸೊಸೆ ತನ್ನನ್ನು ಬಿಟ್ಟುಹೋಗಲಿಲ್ಲವಲ್ಲ ಎಂದು, ಸೊಸೆಯ ದೇವರೊಂದಿಗೆ ಮುಖ ಗಂಟಿಕ್ಕಿಕೊಂಡೇ ರಾಜಿಯಾಗಿದ್ದಳು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಬಿಸಿಲಿಗೆ ಒಣಗಿಸುವ ಕುರುತ್ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಉಳಿದವರ ಕುರುತ್ ಬಾಯಲ್ಲಿ ಪುಡಿಯಾಗುತ್ತಿತ್ತು. ಇವಳದ್ದು ಕಲ್ಲು. ಕಚ್ಚಿದರೆ ಹಲ್ಲು ಹೋಯಿತೆಂದೇ ಲೆಕ್ಕ, ಕರಗುವ ತನಕ ಕಾಯಬೇಕು. ಒಂದು ದಿನ ಪಕ್ಕದ ಮನೆಯ ಶರೀಪಾಳ ಮೇಲೆ ಜಗಳಕ್ಕೆ ಹೊರಟಿದ್ದ ಸೊಸೆಯ ಬಾಯಿಗೆ ಮುದುಕಿ ಒಂದು ಉಂಡೆ ತುರುಕಿದಳು.

"ಇದು ಕರಗಿದ ಮೇಲೂ ಬೈಬೇಕು ಅನ್ಸಿದ್ರೆ ಹೋಗಿ ಬೈಯಿ. ನಿನ್ನ ದೇವರ ಕೈಲಿ ಆಗದ್ದು ನನ್ನ ಕುರುತ್ ಕೈಲಾದ್ರೂ ಆಗುತ್ತೋ ನೋಡೋಣ."

ಅಂದಿನಿಂದ ಬುರುಲ್ಚಾಳ ಜೇಬಿನಲ್ಲಿ ಸದಾ ಕುರುತ್. ಸಿಟ್ಟು ನೆತ್ತಿಗೇರಿತೋ, ಬಾಯಿಗೆ ಒಂದು. ಅವಳ ಕೆನ್ನೆ ಉಬ್ಬಿದ್ದು ಕಂಡರೆ ಡ್ರೈವರುಗಳು, "ಇವತ್ತು ಯಾವನೋ ಬಚಾವಾದ," ಎಂದು ನಗುತ್ತಿದ್ದರು. ಅವಳ ಕೋಪ ಹೋಗಿಬಿಟ್ಟಿತು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಕೋಪ ಎಲ್ಲಿಗೂ ಹೋಗಿರಲಿಲ್ಲ. ಆದರೆ ಬಾಯಿ ಕಟ್ಟಿದಾಗ ಕಿವಿಗೆ ಕೆಲಸ ಸಿಕ್ಕಿತು. ಶರೀಪಾ ತನ್ನ ಮೇಲೆ ಹರಿಹಾಯುವುದು, ರಷ್ಯಾದಲ್ಲಿರುವ ಮಗಳು ಫೋನ್ ಮಾಡದ ದಿನಗಳಲ್ಲಿ ಮಾತ್ರ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಅಷ್ಟು ವರ್ಷ ಪಕ್ಕದಲ್ಲೇ ಇದ್ದೂ ತಿಳಿದಿರಲಿಲ್ಲ.

ಹಿಮ ಕರಗುವ ಹೊತ್ತಿಗೆ ಉಕೂಬಾಲ ತೀರಿಕೊಂಡಳು. ಹಾಸಿಗೆ ಹಿಡಿದವಳ ಮೈ ಒರೆಸಿ, ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ನೋಡಿಕೊಂಡವಳು ಬುರುಲ್ಚಾ. ಅಂಗಳದಲ್ಲಿ ಉಣ್ಣೆಯ ಡೇರೆ ಎದ್ದಿತು. ಒಳಗೆ ದೇಹದ ಪಕ್ಕ ಸೊಸೆ ಕೂತು, ಸತ್ತವಳ ಗುಣ ಹಾಡಿಕೊಂಡು ಅಳಬೇಕು. ಹೊರಗೆ ಗಂಡಸರು ಕೋಲೂರಿ ನಿಂತು ಗೋಳಿಡಬೇಕು. ಹಾಡು ಒಮ್ಮೆ ಶುರುವಾದರೆ ಹಾಡುತ್ತಿರುವ ಹೆಂಗಸನ್ನು ನಮ್ಮಲ್ಲಿ ಯಾವ ಗಂಡಸೂ ಎಬ್ಬಿಸುವಂತಿಲ್ಲ. ಬುರುಲ್ಚಾ ತಲೆಗೆ ಕರಿ ಬಟ್ಟೆ ಕಟ್ಟಿಕೊಂಡು ಹೋಗಿ ಕೂತಳು.

ಅವಳು ದನಿ ಎತ್ತುವ ಮೊದಲೇ ರಾಜಧಾನಿ ಬಿಷ್ಕೆಕ್‌ನಿಂದ ಭಾವ ತೊಕ್ತೊಸುನ್ ಬಂದಿಳಿದ. ಉಕೂಬಾಲಳ ಹಿರಿಮಗ. ತಾಯಿಗೆ ಹುಷಾರಿಲ್ಲ ಎಂದು ಹೇಳಿಕಳಿಸಿದಾಗಲೆಲ್ಲ ಅವನಿಗೆ ಕೆಲಸವಿತ್ತು. ಈಗ ಧರ್ಮ ನೆನಪಾಗಿತ್ತು. ಡೇರೆಯ ಬಾಗಿಲಿಗೆ ಅಡ್ಡ ನಿಂತ.

"ಏಳು ಅಲ್ಲಿಂದ. ಧರ್ಮ ಮಾರ್ಕೊಂಡವಳು ನಮ್ಮವ್ವನ ಪಕ್ಕ ಕೂರೋ ಹಾಗಿಲ್ಲ. ಕೂರ್ಲೇಬೇಕಾ? ಇಷ್ಟೂ ಜನರ ಮುಂದೆ ಯೇಸುನ ಬಿಟ್ಟೆ ಅನ್ನು, ಕೂರು."

ಅಂಗಳವೆಲ್ಲ ಕಿವಿಯಾಯಿತು. ಅವಳು ಒಂದು ಬೈಗುಳ ಆಡಿದರೆ ಸಾಕಿತ್ತು. ಸಾವಿನ ಮನೆಯಲ್ಲಿ ಹಿರಿಯನಿಗೆ ಬೈದ ಸೊಸೆಯನ್ನು ರಟ್ಟೆ ಹಿಡಿದು ಹೊರಗೆ ಹಾಕಿದರೆ ಯಾರೂ ಅಡ್ಡ ಬರುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದುದೂ ಅದೇ. ಅವಳ ನಾಲಗೆಯ ತುದಿಯಲ್ಲಿ ಎಲ್ಲ ಸಿದ್ಧವಾಗಿತ್ತು, ಅವನ ಕಾರು, ಅವನ ಹೊಟ್ಟೆ, ಅವನು ಬಾರದ ಚಳಿಗಾಲಗಳು. ಬುರುಲ್ಚಾ ಜೇಬಿಗೆ ಕೈ ಹಾಕಿದಳು. ಅತ್ತೆ ಮಾಡಿಟ್ಟದ್ದರಲ್ಲಿ ಎರಡೇ ಉಳಿದಿದ್ದವು. ಒಂದನ್ನು ಬಾಯಿಗೆ ಹಾಕಿಕೊಂಡಳು.

"ನೋಡ್ರಪ್ಪ, ಹೆಣದ ಮುಂದೆ ಕೂತು ತಿಂತಾಳೆ ಇವಳು," ಎಂದ ತೊಕ್ತೊಸುನ್.

ಅವಳು ಅವನ ಮುಖವನ್ನೇ ನೋಡುತ್ತಾ ಕೇಳಿದಳು. ಅವನು ವಂಶದ ಮಾನ ಎಂದ, ಅಪ್ಪನ ಹೆಸರು ಎಂದ, ಊರು ನಗುತ್ತದೆ ಎಂದ. ಯಾರೂ ಅಡ್ಡ ಬಾಯಿ ಹಾಕದೆ ಇದ್ದರೆ ಬೈಯುವವನ ಸರಕು ಬೇಗ ಖಾಲಿಯಾಗುತ್ತದೆ. ಹೇಳಿದ್ದನ್ನೇ ತಿರುಗಿ ಹೇಳತೊಡಗಿದ. ನಡುವೆ ದನಿ ಒಡೆಯಿತು. "ಅವ್ವನ ಕೊನೇ ಮಾತು ಕೇಳಿಸ್ಕೊಂಡವಳು ಇವಳಾ," ಎಂದುಬಿಟ್ಟ. ಧರ್ಮದ ಮಾತಿನ ಅಡಿಯಲ್ಲಿ ಈ ನೋವು ಕೂತಿತ್ತೇ ಎಂದು ಬುರುಲ್ಚಾಳಿಗೆ ಅರ್ಥವಾಯಿತು. ಅಷ್ಟರಲ್ಲಿ ಕುರುತ್ ಕರಗಿತ್ತು.

"ಮುಗೀತಾ ಭಾವ? ಇನ್ನೂ ಇದ್ರೆ ಹೇಳಿ, ಕೇಳ್ತೀನಿ."

ಅವನು ತೋಳಿನಿಂದ ಮುಖ ಒರೆಸಿಕೊಂಡ.

"ಹಾಗಾದ್ರೆ ನಂದು ಕೇಳಿ. ನೀವು ಎಷ್ಟು ಕಾದ್ರೂ ನಾನು ಬೈಯಲ್ಲ. ಯೇಸುನ ಬಿಡೋದೂ ಇಲ್ಲ. ಎಬ್ಬಿಸ್ಬೇಕು ಅಂದ್ರೆ ಹೊತ್ಕೊಂಡೇ ಹೋಗ್ಬೇಕು ನನ್ನ."

ತೊಕ್ತೊಸುನ್ ಒಂದು ಹೆಜ್ಜೆ ಒಳಗಿಟ್ಟು ಬಾಯಿ ತೆರೆದ. ಬುರುಲ್ಚಾ ಇನ್ನೊಂದು ಕುರುತನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು.

"ಅವ್ವ ಮಾಡಿದ್ದು. ಇದೇ ಕೊನೇದು. ಕೊನೇ ತನಕ ನಿಮ್ಮ ಹೆಸರನ್ನೇ ಕರೀತಿದ್ರು."

ಅವನು ಆ ಬಿಳಿ ಉಂಡೆಯನ್ನು ನೋಡಿದ. ಅದರ ಮೇಲೆ ತಾಯಿಯ ಬೆರಳಿನ ಗುರುತು ಒಣಗಿ ಹಾಗೇ ಉಳಿದಿತ್ತು. ಅದನ್ನು ನೆಲಕ್ಕೆ ಎಸೆಯುವ ಮಗ ಇನ್ನೂ ಹುಟ್ಟಿಲ್ಲ. ಜೇಬಿಗೆ ಇಟ್ಟುಕೊಳ್ಳುವುದಕ್ಕೂ ಆಗಲಿಲ್ಲ. ಬಾಯಿಗೆ ಹಾಕಿಕೊಂಡ.

ಬುರುಲ್ಚಾ ಕಾಯಲಿಲ್ಲ. ಡೇರೆಯ ಗೋಡೆಗೆ ಮುಖ ಮಾಡಿ ದನಿ ಎತ್ತಿದಳು. ಹಾಡಿನಲ್ಲಿ ಭಾವನ ಸುದ್ದಿ ಒಂದಕ್ಷರವೂ ಇರಲಿಲ್ಲ, ಮುದುಕಿಯ ಕೈ, ಮುದುಕಿಯ ಬೈಗುಳ, ಮುದುಕಿಯ ಉಪ್ಪು ಇದ್ದವು. ಶರೀಪಾ ಬಂದು ಪಕ್ಕದಲ್ಲಿ ಕೂತು ದನಿಗೂಡಿಸಿದಳು. ತೊಕ್ತೊಸುನ್ ಉಬ್ಬಿದ ಕೆನ್ನೆಯಲ್ಲೇ ಹೊರಗೆ ಹೋಗಿ ಗಂಡಸರ ಸಾಲಿನಲ್ಲಿ ನಿಂತ. ಅದು ಕರಗುವ ಹೊತ್ತಿಗೆ ಹಾಡು ಬಹಳ ಮುಂದೆ ಹೋಗಿತ್ತು.